ಗೊಂಬೆ ಆಸ್ಪತ್ರೆಯ ಗಂಟೆ

ನಮ್ಮವರು ಯಾವ ಕೆಲಸವನ್ನೂ ಒಂದೇ ಸಲಕ್ಕೆ ಮಾಡಿದವರಲ್ಲ. ಎಲ್ಲದಕ್ಕೂ ಮೊದಲು ಒಂದು ತಾಲೀಮು ಆಗಬೇಕು. ಹಲ್ಲು ಕೀಳಿಸಿಕೊಳ್ಳುವ ಹಿಂದಿನ ದಿನ ಕ್ಲಿನಿಕ್ಕಿನವರೆಗೆ ನಡೆದು ಹೋಗಿ, ಅದರ ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ಎಂದು ನೋಡಿಕೊಂಡು ಬಂದ ಮನುಷ್ಯ ಅವರು. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳುವ ಮೊದಲು ತಂಗಿಯನ್ನು ಎದುರು ಕುರ್ಚಿಯಲ್ಲಿ ಕೂರಿಸಿ, ಅವಳನ್ನೇ ನಾನೆಂದುಕೊಂಡು ಎಷ್ಟೋ ಸಂಜೆ ಅಭ್ಯಾಸ ಮಾಡಿದ್ದರಂತೆ. ಕೊನೆಯ ಸಂಜೆ ಅವಳು ಮುಖ ಊದಿಸಿಕೊಂಡು "ಆಗಲ್ಲ, ಹೋಗಿ" ಎಂದಳಂತೆ. ಇವರು ಬಿಳಿಚಿಕೊಂಡಾಗ "ಅದಕ್ಕೂ ಒಂದು ತಯಾರಿ ಇರ್ಲಿ ಅಂತ ಅಂದೆ" ಎಂದು ನಕ್ಕಳಂತೆ. ಇದನ್ನು ನನಗೆ ಹೇಳಿದವಳು ಅವಳೇ, ನಮ್ಮ ಮದುವೆಯ ದಿನ, ಬಂದವರಿಗೆಲ್ಲ ಕೇಳುವಂತೆ.

ಆ ತಂಗಿಯೂ ಈ ಅಣ್ಣನೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಅವಳನ್ನು ನಾವು ಪುಟ್ಟಿ ಎನ್ನುತ್ತೇವೆ. ತಲೆ ಅರ್ಧ ಬೆಳ್ಳಗಾಗಿದ್ದರೂ ಪುಟ್ಟಿಯೇ. ಊರಿನ ಆ ತುದಿಯಲ್ಲಿ ಅವಳದೊಂದು ಗೊಂಬೆ ಆಸ್ಪತ್ರೆ ಇದೆ. ಕೈ ಮುರಿದ ಗೊಂಬೆ, ಹೊಟ್ಟೆ ಹರಿದ ಕರಡಿ, ಕಣ್ಣು ಕಳೆದುಕೊಂಡ ಆನೆ ಎಲ್ಲಕ್ಕೂ ಅಲ್ಲಿ ಚಿಕಿತ್ಸೆ. ವೆಬ್‌ಸೈಟಿನಲ್ಲಿ ರೋಗಿಯ ಹೆಸರು, ಏನಾಗಿದೆ, ಯಾವಾಗಿನಿಂದ ಎಂದು ತುಂಬಿ "ದಾಖಲಿಸಿ" ಎಂಬ ಗುಂಡಿ ಒತ್ತಿದರೆ ವಿವರ ಅವಳ ಮೇಲ್‌ಗೆ ಹೋಗುತ್ತದೆ. ಆದರೆ ಪುಟ್ಟಿಯ ಎರಡು ಕೈಯೂ ಸದಾ ಹತ್ತಿಯೊಳಗೆ. ಗಳಿಗೆಗೊಮ್ಮೆ ಮೇಲ್ ನೋಡುತ್ತ ಕೂರುವ ಜಾತಿಯವಳೂ ಅಲ್ಲ. ಅದಕ್ಕೆ ನಮ್ಮವರು ಒಂದು ಉಪಾಯ ಮಾಡಿದ್ದರು. ಯಾರಾದರೂ ಆ ಗುಂಡಿ ಒತ್ತಿದ ಕೂಡಲೇ ಅವಳ ಮೇಜಿನ ಮೇಲಿನ ಫೋನಿನಲ್ಲಿ ಸೈಕಲ್ ಗಂಟೆ ಹೊಡೆಯುತ್ತದೆ. ಯಾವ ಗಂಟೆಯೋ ಅಲ್ಲ, ನಮ್ಮ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವ ಅವರ ಹಳೆಯ ಸೈಕಲ್ಲಿನದೇ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಅಣ್ಣ ಅದನ್ನು ಬಾರಿಸುತ್ತಿದ್ದರಂತೆ, ತಂಗಿ ಚೀಲ ಎಳೆದುಕೊಂಡು ಓಡಿ ಬರುತ್ತಿದ್ದಳಂತೆ. ಅದರ ಸದ್ದನ್ನು ರೆಕಾರ್ಡ್ ಮಾಡಿ ಅವಳ ಸೈಟಿಗೆ ಹಾಕಿದ್ದು ಮಾತು ಚೆನ್ನಾಗಿದ್ದ ದಿನಗಳಲ್ಲಿ. ಮಾತು ನಿಂತ ಮೇಲೂ ಗಂಟೆಯನ್ನು ಇಬ್ಬರೂ ಮುಟ್ಟಲಿಲ್ಲ.

ಮಾತು ನಿಂತದ್ದು ಅತ್ತೆ ಹೋದ ದಿನ. ಎದೆನೋವೆಂದು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಒಳ್ಳೆಯದೇನೋ ಎಂದು ಅಲ್ಲಿನ ಡಾಕ್ಟರು ಅಂದರು. ಪುಟ್ಟಿ ಈಗಲೇ ಹೊರಡೋಣ ಎಂದಳು. ನಮ್ಮವರು, "ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ, ಆಂಬುಲೆನ್ಸ್ ಯಾವ ಗೇಟಿಂದ ಹೋಗ್ಬೇಕು, ಸ್ಟ್ರೆಚರ್ ಹಿಡಿಸೋ ಲಿಫ್ಟ್ ಯಾವುದು, ಗೊತ್ತಿಲ್ದೆ ಹೋದ್ರೆ ಅಮ್ಮಂಗೇ ಕಷ್ಟ" ಎಂದು ಹೊರಟರು. ಗೇಟು, ಲಿಫ್ಟು, ಮಹಡಿ ಎಲ್ಲ ತಿಳಿದುಕೊಂಡು ವಾಪಸ್ಸು ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ಪುಟ್ಟಿ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದಳು. "ನಿನ್ನ ತಾಲೀಮು ಮುಗೀತಾ ಅಣ್ಣ?" ಎಂದು ಕೇಳಿದಳು. ಇವರು ಉತ್ತರ ಕೊಡಲಿಲ್ಲ. ಅವಳು ಮತ್ತೆ ಏನನ್ನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಇಬ್ಬರ ನಡುವಿನ ಅಂಚೆಯವಳು ನಾನು. ಅವಳು ನನಗೆ ಫೋನ್ ಮಾಡುತ್ತಾಳೆ: "ಅತ್ತಿಗೆ, ನಿಮ್ಮ ಆಫೀಸಿನೋರಿಗೆ ಹೇಳಿ, ಮೊದಲನೇ ಪುಟದ ಫೋಟೋ ಬದಲಾಯಿಸ್ಬೇಕು." ನಮ್ಮ ಆಫೀಸು ಎಂದರೆ ಮನೆಯ ಮುಂದಿನ ಕೋಣೆ, ಎರಡು ಮೇಜು. ಒಂದರಲ್ಲಿ ನಾನು ಫೋನಿಗೆ ಉತ್ತರ ಕೊಡುತ್ತೇನೆ, ಇನ್ನೊಂದರಲ್ಲಿ ಇವರು ಸಣ್ಣಪುಟ್ಟ ಅಂಗಡಿಗಳ ವೆಬ್‌ಸೈಟು ನೋಡಿಕೊಳ್ಳುತ್ತಾರೆ. ಇವರು ಪರದೆಯಿಂದ ಕಣ್ಣೆತ್ತದೆ, "ಆ ಗೊಂಬೆ ಆಸ್ಪತ್ರೆಯೋರಿಗೆ ಹೇಳು, ಫೋಟೋ ಸ್ವಲ್ಪ ದೊಡ್ಡದು ಕಳಿಸ್ಲಿ" ಎನ್ನುತ್ತಾರೆ. ಮಧ್ಯದಲ್ಲಿ ನಿಂತು ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಬೀದಿಯಲ್ಲೇ ಒಳ್ಳೆಯ ಬೇಕರಿ ಇದೆ. ಆದರೂ ಭಾನುವಾರ ಸಂಜೆ ಇವರು ಬ್ರೆಡ್ಡು ತರಲು ಊರಿನ ಆ ತುದಿಗೆ ಹೋಗುತ್ತಾರೆ. ಅಲ್ಲಿನ ಬ್ರೆಡ್ಡು ಮೆತ್ತಗಿರುತ್ತದಂತೆ. ನಾನು ತಿಂದಿದ್ದೇನೆ, ಅದು ಹಾಗೇನೂ ಇಲ್ಲ.

ಹೀಗಿರುವಾಗ ಡಬ್ಬಿಗಳನ್ನು ಸಾಗಿಸುವ ಕೆಲಸ ಬಂತು. ಡಬ್ಬಿ ಅನ್ನುವುದು ನನ್ನ ಮಾತು. ವೆಬ್‌ಸೈಟಿಗೆ ಬಂದವರು ಯಾವ ಗುಂಡಿ ಒತ್ತಿದರು, ಒತ್ತಿದಾಗ ಏನಾಗಬೇಕು, ಯಾರಿಗೆ ಸುದ್ದಿ ಮುಟ್ಟಬೇಕು ಎಂದು ನೋಡಿಕೊಳ್ಳುವ ಪುಟ್ಟ ಪುಟ್ಟ ಏರ್ಪಾಡುಗಳಿಗೆ ಟ್ಯಾಗ್ ಎನ್ನುತ್ತಾರೆ. ಪುಟ್ಟಿಯ ಗಂಟೆಯೂ ಒಂದು ಟ್ಯಾಗೇ. ಒಂದು ಸೈಟಿನ ಟ್ಯಾಗುಗಳೆಲ್ಲ ಒಂದು ಡಬ್ಬಿಯಲ್ಲಿ, ಆ ಡಬ್ಬಿ ಯಾವುದೋ ಕಂಪನಿಯ ಕಪಾಟಿನಲ್ಲಿ. ಆ ಕಂಪನಿಯವರು ನಾವು ಅಂಗಡಿ ಮುಚ್ಚುತ್ತಿದ್ದೇವೆ, ನಿಮ್ಮ ನಿಮ್ಮ ಡಬ್ಬಿಗಳನ್ನು ಬೇರೆ ಕಡೆಗೆ ಸಾಗಿಸಿಕೊಳ್ಳಿ ಎಂದು ಕೈ ತೊಳೆದುಕೊಂಡರು. ಒಂದೊಂದೇ ಟ್ಯಾಗನ್ನು ಕೈಯಾರೆ ಹೊಸದಾಗಿ ಬರೆಯುತ್ತ ಕೂತರೆ ಹೈರಾಣ. ಎಲ್ಲಿಂದಲೋ ಇವರು ಒಂದು ಸಲಕರಣೆ ಹುಡುಕಿ ತಂದರು. ಅದಕ್ಕೆ ಬಣ್ಣ, ಚಿತ್ರ, ಗುಂಡಿ ಏನೂ ಇಲ್ಲ. ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಗೆರೆ. ಇಂಥ ಡಬ್ಬಿಯಿಂದ ಇಂಥ ಡಬ್ಬಿಗೆ ಎಂದು ಒಂದು ಸಾಲಿನ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ಹೋಗುತ್ತದೆ. ಆ ಸಾಲಿನ ಕೊನೆಗೆ "ಡ್ರೈ ರನ್" ಎಂದು ಸೇರಿಸಿದರೆ ಮಾತ್ರ ಅದು ಏನನ್ನೂ ಮುಟ್ಟುವುದಿಲ್ಲ. ನಿಜವಾಗಿ ಮಾಡಿದರೆ ಏನೇನು ಆಗುತ್ತದೆ ಎಂದು ಹಸಿರು ಅಕ್ಷರಗಳಲ್ಲಿ ತೋರಿಸಿ ಸುಮ್ಮನಾಗುತ್ತದೆ.

ಅದನ್ನು ಓದಿದ ದಿನ ನಮ್ಮವರ ಮುಖ ನೋಡಬೇಕಿತ್ತು.

"ತಾಲೀಮಿಗೂ ಒಂದು ವ್ಯವಸ್ಥೆ ಇಟ್ಟಿದಾನೆ ನೋಡು. ಇದನ್ನ ಬರೆದೋನು ನನ್ನಂಥೋನೇ" ಅಂದರು.

"ಅವನ ಹೆಂಡ್ತೀನ ಒಂದ್ಸಲ ನೋಡ್ಬೇಕು" ಅಂದೆ.

"ಯಾಕೆ?"

"ಸುಮ್ನೆ. ಕಷ್ಟಸುಖ ಮಾತಾಡೋಕೆ."

ಕನ್ನಡಕದ ಅಂಗಡಿಯದು, ಬೀಗ ರಿಪೇರಿಯವರದು, ಸಂಗೀತ ಶಾಲೆಯದು ಒಂದೊಂದಾಗಿ ಸಾಗಿದವು. ಮೊದಲು ತಾಲೀಮು. ಹಸಿರು ಸಾಲುಗಳನ್ನು ಬೆರಳಿಟ್ಟು ಓದುವುದು. ಆಮೇಲೆ ಕೀಬೋರ್ಡಿನ ಮೇಲ್ಮುಖದ ಬಾಣ ಒತ್ತಿದರೆ ಅದೇ ಸಾಲು ತಿರುಗಿ ಬರುತ್ತದೆ, ಕೊನೆಯ "ಡ್ರೈ ರನ್" ಅಳಿಸಿ ಎಂಟರ್ ಒತ್ತುವುದು. ಅಲ್ಲಿಗೆ ನಿಜವಾದ ಕೆಲಸ ಮುಗಿಯಿತು. ಕಡೆಗೆ ಸೈಟಿನಿಂದ ಹಳೆಯ ಡಬ್ಬಿಯ ಕೊಂಡಿ ಬಿಚ್ಚಿ ಹೊಸದರ ಕೊಂಡಿ ಹಾಕುವುದು. ಗಿರಾಕಿಗಳಿಗೆ ಏನಾಯಿತೆಂದು ಗೊತ್ತೇ ಆಗಲಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಉಳಿದದ್ದು ಪುಟ್ಟಿಯದು. ಅವಳ ಡಬ್ಬಿ ಅವಳ ಹೆಸರಿನಲ್ಲೇ ಇತ್ತು, ಅವಳ ಒಪ್ಪಿಗೆಯಿಲ್ಲದೆ ಮುಟ್ಟುವಂತಿರಲಿಲ್ಲ.

"ಗೊಂಬೆ ಆಸ್ಪತ್ರೆಯೋರಿಗೆ ಒಂದು ಮಾತು ಹೇಳು, ಪರ್ಮಿಷನ್ ಬೇಕು ಅಂತ."

"ಹೇಳಲ್ಲ."

ಕನ್ನಡಕ ಮೂಗಿನ ಮೇಲೆ ಇಳಿಸಿ ನನ್ನನ್ನು ನೋಡಿದರು.

"ಈ ಸಲ ನಾನು ಅಂಚೆ ಹಂಚಲ್ಲ ರೀ. ನಿಮ್ಮ ತಂಗಿ, ನಿಮ್ಮ ಫೋನು. ನೀವೇ ಕೇಳಿ."

ಅವರು ಕನ್ನಡಕ ಮೇಲೇರಿಸಿ ಪರದೆಗೆ ತಿರುಗಿದರು. ಮಾರನೆಯ ದಿನದಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಶುರುವಾಯಿತು. ನಲ್ಲಿ ಜೋರಾಗಿ ಬಿಟ್ಟುಕೊಂಡರೆ ನನಗೆ ಕೇಳಿಸುವುದಿಲ್ಲ ಎಂದು ಅವರ ನಂಬಿಕೆ. ಗೋಡೆಯ ಈಚೆ ಅಡುಗೆಮನೆ, ನಾನು ತರಕಾರಿ ಹೆಚ್ಚುತ್ತಿದ್ದೆ. "ಹಲೋ, ಪುಟ್ಟಿ." ನೀರಿನ ಸದ್ದು. "ಹಲೋ, ನಾನು." ಮತ್ತೆ ನೀರು. "ಹಲೋ, ನಾನು ಮಾತಾಡ್ತಿರೋದು. ನಾನು ಅಂದ್ರೆ ಅಣ್ಣ." ಆ ಕೊನೆಯ ಮಾತು ಕೇಳಿ ನನ್ನ ಚಾಕು ನಿಂತಿತು. ಒಡಹುಟ್ಟಿದವಳಿಗೆ ತಾನು ಯಾರೆಂದು ಹೇಳಿಕೊಳ್ಳುವುದನ್ನೂ ಕಲಿಯಬೇಕಾಗಿ ಬಂತಲ್ಲ. ನಾನೇ ಪುಟ್ಟಿಗೆ ಹೇಳಿಬಿಡಲೇ ಅನ್ನಿಸಿತು, ಹಲ್ಲು ಕಚ್ಚಿಕೊಂಡು ಮತ್ತೆ ಹೆಚ್ಚತೊಡಗಿದೆ.

ಕೊನೆಗೂ ಫೋನ್ ಮಾಡಲಿಲ್ಲ. ಕಂಪ್ಯೂಟರಿನಿಂದಲೇ ಅವಳ ಫೋನಿಗೆ ಒಪ್ಪಿಗೆಯ ಕೇಳಿಕೆ ಕಳಿಸುವ ಒಂದು ಗುಂಡಿ ಇತ್ತು, ಇವರು ಅದನ್ನು ಒತ್ತಿಬಿಟ್ಟರು. ನಾನು ಚಹಾ ಬಸಿಯುವಷ್ಟರಲ್ಲಿ ಉತ್ತರ ಬಂತು.

"ಇಲ್ಲಿ ಬಾ. ಒಪ್ಪಿದಾಳೆ ನೋಡು. ಕೇಳಿದ ತಕ್ಷಣ ಒಪ್ಪಿದಾಳೆ."

"ಒಪ್ಪಿದ್ದು ಡಬ್ಬಿಗೆ ರೀ" ಅಂದೆ. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು, ಏಕೆಂದರೆ ಅವರು ಆ ಒಂದು ಸಾಲಿನ ಮೇಲ್ ಅನ್ನು ಮುಚ್ಚದೆ ದಿನವಿಡೀ ಪರದೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದರು.

ಆಮೇಲೆ ಪುಟ್ಟಿಯ ಡಬ್ಬಿಯ ತಾಲೀಮು. ಅದರಲ್ಲಿದ್ದದ್ದು ಬೆರಳೆಣಿಕೆಯ ಟ್ಯಾಗುಗಳು, ಬೀಗ ರಿಪೇರಿಯವರದಕ್ಕಿಂತ ಕಡಿಮೆ. ಆದರೂ ಅಳೆದೂ ಸುರಿದೂ ದಿನಗಟ್ಟಲೆ ನಡೆಯಿತು. ಚಹಾ ಕುಡಿದು ಬಾಣದ ಗುಂಡಿ, ಎಂಟರ್. ಊಟಕ್ಕೆ ಏಳುವ ಮೊದಲು ಬಾಣದ ಗುಂಡಿ, ಎಂಟರ್. ಹಸಿರು ಸಾಲುಗಳು ಬರುತ್ತಿದ್ದವು, ಇವರು ಗಟ್ಟಿಯಾಗಿ ಓದುತ್ತಿದ್ದರು. "ಗಂಟೆ. ಇದೆ. ಸರಿಯಾಗಿದೆ."

"ಎಷ್ಟು ಸಲ ನೋಡ್ತೀರಿ? ಅದೇನು ಓಡಿ ಹೋಗುತ್ತಾ?"

"ಬೇರೆಯೋರದ್ದು ಕೆಟ್ರೆ ಫೋನ್ ಮಾಡಿ ಬೈತಾರೆ. ಇವಳದ್ದು ಕೆಟ್ರೆ ಗೊತ್ತಾಗೋದು ಹೆಂಗೆ? ಬೈಯೋಕೂ ಫೋನ್ ಮಾಡಲ್ಲ ಅವಳು" ಅಂದರು.

 ಒಂದು ಮಧ್ಯಾಹ್ನ ಕೈ ಮೇಲೆತ್ತಿ ಮೈಮುರಿದು "ಮುಗೀತು" ಎಂದರು. ಪುಟ್ಟಿಯ ಸೈಟಿನಿಂದ ಹಳೆಯ ಕೊಂಡಿ ಬಿಚ್ಚಿ ಹೊಸದನ್ನು ಹಾಕಿದರು. ಹಳೆಯ ಕಂಪನಿಯೂ ಹೇಳಿದ ದಿನ ಬಾಗಿಲು ಹಾಕಿಕೊಂಡಿತು, ಮರೆತು ಬಿಟ್ಟವರು ತೆಗೆದುಕೊಳ್ಳಲೆಂದು ಡಬ್ಬಿಗಳನ್ನು ಮಾತ್ರ ಇನ್ನೊಂದು ತಿಂಗಳು ಕಪಾಟಿನಲ್ಲಿ ಉಳಿಸಿತ್ತು. ಭಾನುವಾರ ಎಂದಿನಂತೆ ಆ ತುದಿಯ ಬ್ರೆಡ್ಡು ಬಂತು.

ಮುಂದಿನ ವಾರವೋ ಅದರ ಮುಂದಿನದೋ, ಮಧ್ಯಾಹ್ನದ ಹೊತ್ತು. ನಾನು ಸಂಗೀತ ಶಾಲೆಯವರಿಗೆ ಉತ್ತರ ಬರೆಯುತ್ತಿದ್ದೆ. ಇವರ ಮೇಜಿನ ಮೇಲೆ ಇವರ ಫೋನು ಹೊಡೆದುಕೊಳ್ಳತೊಡಗಿತು. ಇವರು ಎತ್ತಲಿಲ್ಲ. ತಿರುಗಿ ನೋಡಿದೆ. ಪರದೆಯ ಮೇಲೆ "ಪುಟ್ಟಿ" ಎಂದಿತ್ತು. ಅವಳು ಇಷ್ಟು ವರ್ಷ ಫೋನ್ ಮಾಡಿದ್ದೆಲ್ಲ ನನಗೆ.

"ಎತ್ತಿ ರೀ."

"ಏನು ಹೇಳ್ಲಿ?"

ಅವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ಇನ್ನು ಇವರನ್ನು ಕಾದರೆ ಆಗುವ ಮಾತಲ್ಲವೆಂದು ನಾನೇ ಎದ್ದು ಹೋಗಿ ಹಸಿರು ಗುಂಡಿ ಒತ್ತಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಗಂಟೆ ಯಾಕೆ ಕಿತ್ತಾಕ್ದೆ?"

ಹಲೋ ಇಲ್ಲ, ಏನಿಲ್ಲ. ಎಲ್ಲೋ ನಿನ್ನೆ ನಿಲ್ಲಿಸಿದ ಮಾತನ್ನು ಮುಂದುವರಿಸಿದ ಹಾಗೆ.

"ಇಲ್ಲ ಪುಟ್ಟಿ..."

"ಇಲ್ಲ ಅನ್ಬೇಡ. ಇವತ್ತು ಮೇಲ್ ತೆಗೆದ್ರೆ ಗೊಂಬೆಗಳು ಸಾಲುಗಟ್ಟಿ ಕೂತಿವೆ. ಒಂದು ಮಗು ಮೊಲದ ಕಿವಿ ಹೋಗಿದೆ ಅಂತ ಬರೆದು, ಉತ್ತರ ಬರ್ಲಿಲ್ಲ ಅಂತ ಮತ್ತೆ ಬರೆದು, ಮೊಲ ಬದುಕಿರುತ್ತಾ ಅಂತ ಕೇಳಿದೆ. ನಾನಿಲ್ಲಿ ಯಾರೂ ಬರ್ತಿಲ್ಲ ಅಂದ್ಕೊಂಡು ಕೈ ಕಟ್ಕೊಂಡು ಕೂತಿದೀನಿ." ಅವಳು ಉಸಿರೆಳೆದುಕೊಂಡಳು. ಆಮೇಲೆ ಬಂದ ದನಿಯಲ್ಲಿ ಕೋಪ ಕಡಿಮೆಯಿತ್ತು. "ಕೀಳೋದಿದ್ರೆ ಅವತ್ತೇ ಕೀಳ್ಬೇಕಿತ್ತು ಅಣ್ಣ. ಇಷ್ಟು ವರ್ಷ ಹೊಡೆಸಿ ಈಗ ಯಾಕೆ? ಪರ್ಮಿಷನ್ ಕೇಳಿದ್ದು ಇದಕ್ಕೇನಾ?"

ನಮ್ಮವರು ಕಪ್ಪು ಪರದೆ ತೆರೆದು ಬಾಣದ ಗುಂಡಿ ಒತ್ತಿದರು. ಪುಟ್ಟಿಯ ಡಬ್ಬಿಯ ಸಾಲು ಬಂತು, ಕೊನೆಯಲ್ಲಿ "ಡ್ರೈ ರನ್". ಮತ್ತೆ ಒತ್ತಿದರು, ಅದಕ್ಕೂ ಹಿಂದಿನ ಸಾಲು ಬಂತು. ಅಲ್ಲೂ ಅದೇ. ಒತ್ತುತ್ತಲೇ ಹೋದರು. ಎಲ್ಲ ಸಾಲಿನ ಬಾಲದಲ್ಲೂ ಅದೇ ಎರಡು ಮಾತು. ನಾನು ಅವರ ಹೆಗಲ ಮೇಲಿಂದ ನೋಡುತ್ತಿದ್ದೆ, ನನಗೂ ಅರ್ಥವಾಯಿತು. ಎಲ್ಲರದನ್ನೂ ಒಮ್ಮೆ ತಾಲೀಮು ಮಾಡಿ ಒಮ್ಮೆ ನಿಜವಾಗಿ ಮಾಡಿದ್ದರು. ತಂಗಿಯದೊಂದನ್ನು ಮಾತ್ರ ಎಷ್ಟು ಸಲ ತಾಲೀಮು ಮಾಡಿದ್ದರೆಂದರೆ, ಮಾಡಿಯೇ ಆಯಿತು ಅಂದುಕೊಂಡಿದ್ದರು. ಅವಳ ಸೈಟಿಗೆ ಖಾಲಿ ಡಬ್ಬಿ ಕಟ್ಟಿ ಕೂತಿದ್ದರು.

ಅವರು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಪುಟ್ಟಿ, ನಾನು ಕಿತ್ತಿಲ್ಲ. ತಾಲೀಮು ಮಾಡ್ತಿದ್ದೆ. ಮಾಡಿ ಮಾಡಿ, ಆಗೇ ಹೋಗಿದೆ ಅಂದ್ಕೊಂಡ್ಬಿಟ್ಟೆ. ನಿಜವಾದ್ದು ಮಾಡ್ಲೇ ಇಲ್ಲ."

ಆ ಕಡೆ ಕತ್ತರಿಯನ್ನೋ ಏನನ್ನೋ ಮೇಜಿನ ಮೇಲೆ ಇಟ್ಟ ಸದ್ದಾಯಿತು.

"ಎಲ್ರದ್ದೂ ಸರಿಯಾಗಿದೆ. ನಿಂದೊಂದೇ ಹಿಂಗಾಯ್ತು. ನಿಂದು ಕೆಡಬಾರ್ದು ಅಂತ..." ಅವರು ಪರದೆಯಿಂದ ಕಣ್ಣು ತೆಗೆದು ಫೋನಿನ ಕಡೆ ತಿರುಗಿದರು. "ಅಮ್ಮನ ದಿನಾನೂ ಹಿಂಗೇ ಆಯ್ತು. ಅವತ್ತು ನೀನೊಂದು ಮಾತು ಕೇಳ್ದೆ. ಅದಕ್ಕೆ ಉತ್ತರ ಇರ್ಲಿಲ್ಲ. ಈಗ್ಲೂ ಇಲ್ಲ. ತಪ್ಪಾಯ್ತು ಪುಟ್ಟಿ."

ಇದನ್ನು ಅವರು ಅಭ್ಯಾಸ ಮಾಡಿರಲಿಲ್ಲ. ಬಚ್ಚಲುಮನೆಯ ಅಭ್ಯಾಸವನ್ನೆಲ್ಲ ಗೋಡೆಯ ಈಚೆಯಿಂದ ಕೇಳಿಸಿಕೊಂಡವಳು ನಾನು, ಈ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

 ಫೋನು ಇಟ್ಟುಬಿಟ್ಟಳೇನೋ ಎಂದು ನಾನು ಬಗ್ಗಿ ನೋಡಿದೆ.

"ದೊಡ್ಡಾಸ್ಪತ್ರೆಗೆ ಸಾಗ್ಸಿದ್ರೂ ಉಳೀತಿರ್ಲಿಲ್ಲ ಅಂತ ಡಾಕ್ಟ್ರು ಹೇಳಿದ್ರು ಅಣ್ಣ" ಅಂದಳು. "ಅವತ್ತೇ ಸಂಜೆ ಹೇಳಿದ್ರು. ನೀನು ಓಡಾಟದಲ್ಲಿದ್ದೆ. ಅಣ್ಣಂಗೆ ಹೇಳ್ಬೇಕು, ಅಣ್ಣಂಗೆ ಹೇಳ್ಬೇಕು ಅಂತ ಮನಸ್ಸಲ್ಲೇ ದಿನಾ ಹೇಳ್ಕೊಂಡೆ. ಹೆಂಗೆ ಶುರು ಮಾಡ್ಲಿ, ನೀನೇನಂತೀಯ, ಅದಕ್ಕೆ ನಾನೇನನ್ಲಿ ಅಂತ. ಹೇಳ್ಕೊಂಡು ಹೇಳ್ಕೊಂಡು, ನಿಂಗೂ ಅದು ಗೊತ್ತಿದೆ ಅನ್ನೋ ಹಂಗೇ ಆಗ್ಬಿಟ್ಟಿತ್ತು ನಂಗೆ."

ಅಣ್ಣನಿಗೆ ತಕ್ಕ ತಂಗಿ. ನನಗೆ ಇಬ್ಬರನ್ನೂ ಹಿಡಿದು ಚೆನ್ನಾಗಿ ಬೈಯಬೇಕೆನ್ನಿಸಿತು. ಒಬ್ಬರು ಬಚ್ಚಲಲ್ಲಿ, ಒಬ್ಬಳು ಹತ್ತಿಯ ರಾಶಿಯ ನಡುವೆ, ಆಡಬೇಕಾದ ಮಾತನ್ನು ತಮಗೆ ತಾವೇ ಹೇಳಿಕೊಂಡು ಕೂತಿದ್ದರು. ಬೈಯಲಿಲ್ಲ, ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಒಂದ್ನಿಮಿಷ ಇರು. ಫೋನ್ ಇಡ್ಬೇಡ" ಎಂದರು ನಮ್ಮವರು. ಬಾಣದ ಗುಂಡಿ ಒತ್ತಿದರು. ಕೊನೆಯ ಎರಡು ಮಾತನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಸಾಲನ್ನು ಇನ್ನೊಮ್ಮೆ ಓದಲಿಲ್ಲ. ಎಂಟರ್ ಒತ್ತಿದರು. ಈ ಸಲ ಸಾಲುಗಳು ನಿಧಾನವಾಗಿ, ತಡೆದು ತಡೆದು ಬಂದವು, ಕೆಲಸ ನಿಜವಾಗಿ ನಡೆಯುತ್ತಿತ್ತಲ್ಲ. ಗಂಟೆ ಕೊನೆಯದು. ಅದೂ ಹೋಗಿ ಸೇರಿತು. ಹೊಸ ಡಬ್ಬಿಯನ್ನು ಚಾಲೂ ಮಾಡಿ ನನ್ನ ಕಡೆ ತಿರುಗಿದರು.

"ಯಾರಾದ್ರೂ ಒತ್ತಿ ನೋಡ್ಬೇಕು."

ನಾನು ನನ್ನ ಮೇಜಿಗೆ ಹೋಗಿ ಗೊಂಬೆ ಆಸ್ಪತ್ರೆಯ ಪುಟ ತೆರೆದೆ. ರೋಗಿಯ ಹೆಸರು ಎಂಬಲ್ಲಿ "ಅಣ್ಣ" ಎಂದು ಬರೆದೆ. ಏನಾಗಿದೆ ಎಂಬಲ್ಲಿ "ಒಳಗೆ ಮಾತು ತುಂಬಿಕೊಂಡಿದೆ, ಹೊರಗೆ ಬರುತ್ತಿಲ್ಲ" ಎಂದೆ. ಯಾವಾಗಿನಿಂದ ಎಂಬಲ್ಲಿ "ನಿನಗೇ ಗೊತ್ತು" ಎಂದು ಬರೆದು ಗುಂಡಿ ಒತ್ತಿದೆ.

ಫೋನಿನ ಸ್ಪೀಕರಿನಿಂದ, ಊರಿನ ಆ ತುದಿಯ ಕೋಣೆಯಿಂದ, ಟ್ರಿಣ್ ಟ್ರಿಣ್ ಎಂದಿತು. ನಮ್ಮವರು ಕಣ್ಣು ಮುಚ್ಚಿಕೊಂಡರು. ಪುಟ್ಟಿ ಮೇಲ್ ತೆರೆದ ಕ್ಲಿಕ್ ಕೇಳಿಸಿತು. ಓದುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮೊದಲು ಅವಳು ನಕ್ಕಳು ಅಂದುಕೊಂಡೆ, ಆಮೇಲೆ ಅದು ನಗುವಲ್ಲವೆಂದು ತಿಳಿಯಿತು.

"ಅತ್ತಿಗೆ" ಅಂದಳು, ಮೂಗು ಕಟ್ಟಿದ ದನಿಯಲ್ಲಿ. "ದಾಖಲು ಮಾಡ್ಕೊಂಡಿದೀನಿ. ಕಳ್ಸಿ."

ಇವರು ಎದ್ದರು. ಈಗ ಮ್ಯಾಪ್ ತೆಗೆಯುತ್ತಾರೆ, ಯಾವ ರಸ್ತೆಯಲ್ಲಿ ಗಾಡಿ ಕಡಿಮೆ ಎಂದು ನೋಡುತ್ತಾರೆ, ಶರ್ಟು ಬದಲಿಸಲೇ ಎಂದು ಕೇಳುತ್ತಾರೆ ಎಂದು ನಾನು ಕಾದೆ. ಬಾಗಿಲು ತೆರೆದದ್ದೂ ಹೋದದ್ದೂ ಒಂದೇ ಆಯಿತು. ಕಿಟಕಿಯಿಂದ ನೋಡಿದರೆ ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ನನ್ನದು. ಫೋನು ಮೇಜಿನ ಮೇಲೆಯೇ ಉಳಿದಿತ್ತು.

"ಹೊರಟ್ನಾ?"

"ಹೊರಟ್ರು."

"ಅಯ್ಯೋ, ದಾರಿ ಗೊತ್ತಾ ಅವನಿಗೆ? ನಾನು ಈ ಬೀದಿಗೆ ಬಂದ್ಮೇಲೆ ಅವನು ಬಂದೇ ಇಲ್ವಲ್ಲ."

"ಚೆನ್ನಾಗಿ ಗೊತ್ತು. ಭಾನುವಾರ ಭಾನುವಾರ ನಿನ್ನ ಬೀದಿ ಮೂಲೆವರೆಗೆ ಬಂದು, ಬೇಕರಿ ಮುಂದೆ ನಿಂತು, ಬ್ರೆಡ್ಡು ತಗೊಂಡು ವಾಪಸ್ ಬರ್ತಾರೆ."

 ಆ ಕಡೆ ಪುಟ್ಟಿಯ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ಹಂಗಾದ್ರೆ ನನ್ನ ಬಾಗ್ಲು ಎಳೀಬೇಕೋ ತಳ್ಬೇಕೋ, ಅದೊಂದು ಗೊತ್ತಿರಲ್ಲ ಅವನಿಗೆ" ಅಂದಳು. "ತೆಗೆದೇ ಇಡ್ತೀನಿ ಅತ್ತಿಗೆ."